ಬಿಳಿ ಬಂಡೆಗೆ ವಿಳಾಸ ಕೊಡುವ ಮಾಸಲು ಗೆರೆ

ಸೀಮೆಎಣ್ಣೆ, ಸೀಮೆಬದನೆ, ಸೀಮೆಹಸು, ಸೀಮೆಸುಣ್ಣ. ಹಡಗು ಹತ್ತಿ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ‘ಸೀಮೆ’ ಅಂತ ಒಂದು ಪದ ಅಂಟಿಸಿಬಿಟ್ಟರು. ಇವುಗಳ ಪೈಕಿ ಹೆಸರಿಗೆ ತಕ್ಕ ಹಾಗಿರೋದು ಸೀಮೆಸುಣ್ಣ. ನಮ್ಮಲ್ಲೂ ಸುಣ್ಣದಕಲ್ಲಿಗೆ ಬರವಿಲ್ಲ. ಬಾಗಲಕೋಟೆ, ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳು ನಡೀತಿರೋದೇ ಅದರಿಂದ. ಆದರೆ ಅದು ಗಟ್ಟಿ ಕಲ್ಲು. ಮುಟ್ಟಿದರೆ ಬೆರಳಿಗೆ ಹತ್ತುವ ಮೆತ್ತನೆ ಬಿಳಿ ಕಲ್ಲು, ಅಂದರೆ ಚಾಕ್, ಬೆಟ್ಟಗಟ್ಟಲೆ ಬಿದ್ದಿರೋದು ಇಂಗ್ಲೆಂಡಿನ ದಕ್ಷಿಣದಲ್ಲಿ, ಫ್ರಾನ್ಸಿನ ಉತ್ತರದಲ್ಲಿ. (ಇವತ್ತು ಶಾಲೆಯ ಬೋರ್ಡಿನ ಮೇಲೆ ಬರೆಯೋ ಚಾಕ್‌ಪೀಸು ಹೆಚ್ಚಾಗಿ ಜಿಪ್ಸಮ್ಮಿನದು. ಆ ಮಾತು ಬೇರೆ.)

ಡೋವರ್‌ನ ಬಿಳಿ ಬಂಡೆಗೋಡೆಗಳ ಫೋಟೋ ನೀವು ನೋಡೇ ಇರ್ತೀರಿ. ಸಮುದ್ರದ ಅಂಚಿಗೆ ಚಾಕುವಿನಿಂದ ಕತ್ತರಿಸಿದ ಹಾಗೆ ನಿಂತ ಬೆಳ್ಳನೆಯ ಗೋಡೆ, ಮೇಲೆ ಹಸಿರು ಹುಲ್ಲು. ಎಲ್ಲರ ಕಣ್ಣಿಗೆ ಬೀಳೋದು ಆ ಬಿಳುಪು. ಈ ವಾರದ ಅಂಕಣ ಆ ಬಿಳುಪಿನ ನಡುವೆ ಅಡ್ಡಡ್ಡ ಓಡುವ ಮಾಸಲು ಬೂದುಗೆರೆಗಳ ಬಗ್ಗೆ. ಕೆಲವು ಗೆರೆಗಳು ಬೆರಳಿನಷ್ಟು ದಪ್ಪ, ಕೆಲವು ಗೇಣುದ್ದ, ಇನ್ನು ಕೆಲವು ಉಗುರಿನಷ್ಟೂ ಇಲ್ಲ. ಆದರೆ ಈ ಕಲ್ಲಿನೊಳಗೆ ಸುರಂಗ ಕೊರೆಯೋರಿಗೂ, ಇದರಿಂದ ಕುಡಿಯೋ ನೀರು ತೆಗೆಯೋರಿಗೂ ದಿಕ್ಕು ತೋರಿಸೋದು ಈ ಗೆರೆಗಳೇ.

ಎಲ್ಲ ಬಿಳಿ ಆದರೆ ಗುರುತು ಹಿಡಿಯೋದು ಹೇಗೆ?

ಮೊದಲು ಚಾಕ್ ಅಂದರೆ ಏನು ಅಂತ ನೋಡೋಣ. ಸುಮಾರು 10 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ ಯುರೋಪಿನ ಬಹುಭಾಗ ಬೆಚ್ಚಗಿನ ಸಮುದ್ರದಡಿ ಇತ್ತು. ಆ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಪಾಚಿಗಳು ತೇಲುತ್ತಿದ್ದವು. ಅವು ಮೈಮೇಲೆ ಸುಣ್ಣದ ಬಿಲ್ಲೆಗಳನ್ನು ಹೊದ್ದುಕೊಂಡಿರ್ತಿದ್ದವು. ಒಂದೊಂದು ಬಿಲ್ಲೆಯೂ ಮಿಲಿಮೀಟರಿನ ಸಾವಿರದ ಕೆಲವು ಭಾಗದಷ್ಟು ಮಾತ್ರ. ಹೆಸರು ಕಾಕೊಲಿತ್. ಪಾಚಿ ಸತ್ತಾಗ ಬಿಲ್ಲೆಗಳು ತಳಕ್ಕೆ ಇಳಿದು ಕೂತವು. ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಲೆಕ್ಕದಲ್ಲಿ, ಕೋಟಿಗಟ್ಟಲೆ ವರ್ಷ, ನೂರಾರು ಮೀಟರ್ ಎತ್ತರಕ್ಕೆ ಈ ಬಿಳಿ ರಾಶಿ ಬೆಳೀತು. ಭೂಮಿಯ ಇತಿಹಾಸದ ಆ ಕಾಲಕ್ಕೆ ಇರುವ ‘ಕ್ರಿಟೇಶಿಯಸ್’ ಅನ್ನೋ ಹೆಸರೂ ಲ್ಯಾಟಿನ್‌ನ ‘ಕ್ರೀಟಾ’ದಿಂದ ಬಂದದ್ದು. ಕ್ರೀಟಾ ಅಂದರೆ ಸೀಮೆಸುಣ್ಣವೇ.

ತೊಂದರೆ ಶುರುವಾಗೋದು ಇಲ್ಲೇ. ಮೇಲಿಂದ ಕೆಳಗಿನವರೆಗೆ ಎಲ್ಲ ಬಿಳಿ. ಬೋರ್ ಕೊರೆದು 60 ಮೀಟರ್ ಆಳದಿಂದ ಒಂದು ತುಂಡು ತೆಗೀರಿ, 90 ಮೀಟರ್‌ನಿಂದ ಇನ್ನೊಂದು ತೆಗೀರಿ. ಬರಿಗಣ್ಣಿಗೆ ಎರಡೂ ಒಂದೇ. ಬೀಚಿ ಹೆಡ್ ಅನ್ನೋ ಕಡೆ 162 ಮೀಟರ್ ಎತ್ತರದ ಚಾಕ್ ಗೋಡೆ ಇದೆ. ಅಲ್ಲಿಂದ ಬಿದ್ದ ಒಂದು ಕಲ್ಲನ್ನು ಕೈಗೆ ಕೊಟ್ಟು ‘ಇದು ಎಷ್ಟನೇ ಮೀಟರಿನದು?’ ಅಂತ ಕೇಳಿದರೆ ನಾವು ನೀವು ಏನು ಹೇಳೋಕಾಗುತ್ತೆ?

ಬಟ್ಟೆ ಅಂಗಡಿಯಲ್ಲಿ ಬಿಳಿ ಪಂಚೆಗಳನ್ನು ಮಡಿಸಿ ಅಟ್ಟಿ ಹಾಕಿರೋದನ್ನ ನೆನಪು ಮಾಡಿಕೊಳ್ಳಿ. ಪಕ್ಕದಿಂದ ನೋಡಿದರೆ ಪಂಚೆ ಯಾವುದೂ ಬೇರೆ ಅಂತ ಗೊತ್ತಾಗಲ್ಲ. ಕಾಣೋದು ಅಂಚು ಮಾತ್ರ. ‘ಆ ಹಸಿರು ಅಂಚಿನ ಕೆಳಗಿಂದ ಎರಡನೇದು ಕೊಡಿ’ ಅಂತೀವಿ. ಚಾಕ್ ಬಂಡೆಯಲ್ಲಿ ಆ ಅಂಚಿನ ಕೆಲಸ ಮಾಡೋದು ಮಾರ್ಲ್.

ಮಾರ್ಲ್ ಅಂದರೆ ಯಾವ ಮಣ್ಣು?

ಸುಣ್ಣ ಮತ್ತು ಜೇಡಿಮಣ್ಣು ಬೆರೆತ ಪದರಕ್ಕೆ ಮಾರ್ಲ್ ಅಂತಾರೆ. ಅಪ್ಪಟ ಬಿಳಿ ಚಾಕಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಸುಣ್ಣವೇ. ಮಾರ್ಲ್‌ನಲ್ಲಿ ಜೇಡಿಯ ಪಾಲು ಏರುತ್ತೆ, ಬಣ್ಣ ಬೂದಿಗೋ ಮಾಸಲು ಹಸಿರಿಗೋ ತಿರುಗುತ್ತೆ. ಬಿಳಿ ಚಾಕಿಗಿಂತ ಇದು ಮೆತ್ತಗೆ. ಹಾಗಾಗಿ ಮಳೆ ಗಾಳಿಗೆ ಬೇಗ ಸವೆದು, ಗೋಡೆಯಲ್ಲಿ ಒಳಗೆ ತಗ್ಗಿದ ಗೆರೆಯಂತೆ ಕಾಣುತ್ತೆ.

ನಡುಸಮುದ್ರಕ್ಕೆ ಜೇಡಿ ಬಂದದ್ದು ಎಲ್ಲಿಂದ? ದಾರಿ ಎರಡು. ಒಂದು, ದಡದಿಂದ. ಹವಾಮಾನ ಬದಲಾದಾಗ, ಸಮುದ್ರಮಟ್ಟ ಏರಿಳಿದಾಗ ನೆಲದ ಮಣ್ಣು ಹೆಚ್ಚು ದೂರ ತೇಲಿ ಬರುತ್ತೆ. ಅಥವಾ ಪಾಚಿ ಕಡಿಮೆಯಾಗಿ ಸುಣ್ಣ ಬೀಳೋದು ತಗ್ಗಿದರೂ ಇದ್ದ ಜೇಡಿಯೇ ಎದ್ದು ಕಾಣುತ್ತೆ. ಚಾಕ್ ರಾಶಿಯ ತಳದ ಭಾಗದಲ್ಲಿ ಒಂದು ಬಿಳಿ, ಒಂದು ಬೂದು, ಮತ್ತೆ ಬಿಳಿ, ಮತ್ತೆ ಬೂದು ಅಂತ ಪಟ್ಟೆಪಟ್ಟೆಯಾಗಿ ಕೂತಿರೋ ಜೋಡಿಗಳಿವೆ. ಭೂಮಿಯ ಅಕ್ಷ ಬುಗುರಿಯ ಹಾಗೆ ತೂಗಾಡುತ್ತೆ ಅಲ್ವಾ, ಅದರ ಸುಮಾರು 20,000 ವರ್ಷದ ಲಯಕ್ಕೆ ಈ ಜೋಡಿಗಳು ತಾಳ ಹಾಕಿವೆ.

ಇನ್ನೊಂದು ದಾರಿ ಜ್ವಾಲಾಮುಖಿ. ಎಲ್ಲೋ ದೂರದಲ್ಲಿ ಬೆಟ್ಟ ಸಿಡಿದು, ಬೂದಿ ಗಾಳಿಯಲ್ಲಿ ಹಾರಿ, ಸಮುದ್ರದ ಮೇಲೆ ಉದುರಿ, ತಳಕ್ಕಿಳಿದು ಕಾಲಕ್ರಮೇಣ ಜೇಡಿಯಾಗಿ ಬದಲಾಗುತ್ತೆ. ನೋಡೋಕೆ ಇದೂ ಬೂದುಗೆರೆ, ಅದೂ ಬೂದುಗೆರೆ. ವ್ಯತ್ಯಾಸ ಯಾಕೆ ಮುಖ್ಯ ಅನ್ನೋದನ್ನ ಮುಂದೆ ಹೇಳ್ತೀನಿ.

ಡಾಕ್ಟರು ಮತ್ತು ಮೇಷ್ಟ್ರು

ಮಾರ್ಲ್ ಗೆರೆಗಳಿಗೆ ಮರ್ಯಾದೆ ಸಿಕ್ಕಿದ್ದು ತಡವಾಗಿ. ಮೊದಲು ಚಾಕನ್ನು ಗುರುತಿಸ್ತಿದ್ದದ್ದು ಪಳೆಯುಳಿಕೆಗಳಿಂದ. ಈ ಕೆಲಸದಲ್ಲಿ ದೊಡ್ಡ ಹೆಸರು ಆರ್ಥರ್ ರೋ. ಮಾರ್ಗೇಟ್ ಊರಿನ ವೈದ್ಯ. ರೋಗಿಗಳನ್ನು ನೋಡೋ ಕೆಲಸದ ನಡುವೆಯೇ ಬಿಡುವು ಮಾಡಿಕೊಂಡು ಕಡಲ ತೀರದ ಬಂಡೆಗಳಿಂದ ಸಮುದ್ರ ಚಿಳ್ಳೆಗಳ ಪಳೆಯುಳಿಕೆ ಆಯ್ದು ತಂದರು. ಕೆಳಗಿನ ಪದರದಿಂದ ಮೇಲಿನದಕ್ಕೆ ಬರ್ತಾ ಬರ್ತಾ ಮೈಕ್ರಾಸ್ಟರ್ ಅನ್ನೋ ಚಿಳ್ಳೆಯ ಆಕಾರ ಹೇಗೆ ನಿಧಾನವಾಗಿ ಬದಲಾಯ್ತು ಅಂತ 1899ರಲ್ಲಿ ತೋರಿಸಿದರು. 1900ರಿಂದ 1908ರವರೆಗೆ ಇಂಗ್ಲೆಂಡಿನ ತೀರದ ಚಾಕನ್ನೆಲ್ಲ ವಲಯಗಳಾಗಿ ವಿಂಗಡಿಸಿ ಬರೆದರು.

ವಲಯ ಅಂದರೆ ಜಿಲ್ಲೆ ಇದ್ದ ಹಾಗೆ. ನೀವು ಯಾವ ಜಿಲ್ಲೇಲಿದ್ದೀರಿ ಅಂತ ಗೊತ್ತಾಗುತ್ತೆ, ಯಾವ ಬೀದಿ ಅಂತ ಗೊತ್ತಾಗಲ್ಲ. ಮೇಲಾಗಿ ಕೈಯಷ್ಟು ಅಗಲದ ಬೋರ್ ತುಂಡಿನಲ್ಲಿ ನಮಗೆ ಬೇಕಾದ ಪಳೆಯುಳಿಕೆ ಸಿಕ್ಕೇ ಸಿಗುತ್ತೆ ಅಂತ ಏನು ಗ್ಯಾರಂಟಿ?

ಬೀದಿ ಮಟ್ಟದ ವಿಳಾಸ ಕೊಟ್ಟವರಲ್ಲಿ ಮುಖ್ಯರು ಬ್ರೈಟನ್‌ನಲ್ಲಿ ಪಾಠ ಮಾಡ್ತಿದ್ದ ರೋರಿ ಮಾರ್ಟಿಮೋರ್. ಸಸೆಕ್ಸ್ ಪ್ರಾಂತ್ಯದ ಚಾಕ್ ಬಗ್ಗೆ 1986ರಲ್ಲಿ ಅವರು ಪ್ರಕಟಿಸಿದ ಬರಹದಲ್ಲಿ ಒಂದೊಂದು ಮಾರ್ಲ್ ಗೆರೆಗೂ ಹೆಸರಿಟ್ಟರು. ಲೂಯಿಸ್ ಪಟ್ಟಣದ ಸುತ್ತಮುತ್ತಲಿನ ಊರು, ಗುಡ್ಡ, ಕಲ್ಲುಗಣಿಗಳ ಹೆಸರುಗಳೇ ಅವು. ಕೆಳಗಿಂದ ಮೇಲಕ್ಕೆ ಗ್ಲೈಂಡ್, ಸೌದರ್‌ಹ್ಯಾಮ್, ಕೇಬರ್ನ್, ಬ್ರಿಜ್‌ವಿಕ್, ಲೂಯಿಸ್. ಬಸ್ಸಿನ ನಿಲ್ದಾಣಗಳನ್ನು ಕಂಡಕ್ಟರ್ ಕೂಗಿದ ಹಾಗೆ. ಮರುವರ್ಷ ಫ್ರಾನ್ಸಿನ ಬರ್ನಾರ್ ಪೊಮೆರೋಲ್ ಜೊತೆ ಸೇರಿ, ಕಡಲಿನ ಆಚೆ ದಡದಲ್ಲೂ ಇದೇ ಗೆರೆಗಳು ಇದೇ ಸಾಲಿನಲ್ಲಿ ಬರುತ್ತವೆ ಅಂತ ತೋರಿಸಿದರು.

ಗೆರೆ ಹಿಡಿಯೋಕೆ ಕಲ್ಲನ್ನು ಕಣ್ಣಲ್ಲೇ ನೋಡಬೇಕು ಅಂತಿಲ್ಲ. ಜೇಡಿಯಲ್ಲಿ ಪೊಟ್ಯಾಸಿಯಂನಂಥ ಧಾತುಗಳಿಂದ ಒಂಚೂರು ಸಹಜ ವಿಕಿರಣ ಇರುತ್ತೆ. ಬಿಳಿ ಚಾಕಿನಲ್ಲಿ ಅದು ತೀರಾ ಕಡಿಮೆ. ಬೋರ್‌ ಒಳಗೆ ಅಳೆಯುವ ಉಪಕರಣ ಇಳಿಬಿಟ್ಟರೆ ಮಾರ್ಲ್ ಬಂದ ಕಡೆ ಗ್ರಾಫ್ ಟಕ್ ಅಂತ ಏರುತ್ತೆ. ಜೇಡಿಯಲ್ಲಿ ವಿದ್ಯುತ್ ಸುಲಭವಾಗಿ ಹರಿಯೋದರಿಂದ ಆ ಅಳತೆಯಲ್ಲೂ ಸಿಕ್ಕಿಬೀಳುತ್ತೆ. ಒಂದು ರೀತಿ ಕಲ್ಲಿನ ಇ.ಸಿ.ಜಿ. ಅನ್ನಿ.

ಬೂದಿಯ ಬೆರಳಚ್ಚು

ಗುರುತಿನ ಪದರ ಅಂತ ಅನ್ನಿಸಿಕೊಳ್ಳೋಕೆ ಮೂರು ಗುಣ ಬೇಕು. ಸುತ್ತಲಿನ ಕಲ್ಲಿಗಿಂತ ಬೇರೆ ಕಾಣಬೇಕು. ದೂರದವರೆಗೆ ಹರಡಿರಬೇಕು. ಎಲ್ಲ ಕಡೆ ಒಂದೇ ಕಾಲದಲ್ಲಿ ಬಿದ್ದಿರಬೇಕು. ದಡದಿಂದ ತೇಲಿ ಬಂದ ಮಣ್ಣು ಮೂರನೇ ಪರೀಕ್ಷೆಯಲ್ಲಿ ಒಮ್ಮೊಮ್ಮೆ ಫೇಲಾಗಬಹುದು. ಇಲ್ಲಿ ಮೊದಲು ಬಂದು ಅಲ್ಲಿ ಆಮೇಲೆ ಬಂದಿರಬಹುದು. ಜ್ವಾಲಾಮುಖಿಯ ಬೂದಿ ಹಾಗಲ್ಲ. ಸಿಡಿದ ಮೇಲೆ ದಿನಗಳಲ್ಲೋ ವಾರಗಳಲ್ಲೋ ಎಲ್ಲ ಕಡೆ ಉದುರಿ ಮುಗೀತು. ಕೋಟಿ ವರ್ಷಗಳ ಲೆಕ್ಕದಲ್ಲಿ ಅದು ಒಂದು ಕ್ಷಣ.

ಹಾಗಾದರೆ ಯಾವ ಗೆರೆ ಮಣ್ಣಿನದು, ಯಾವುದು ಬೂದಿಯದು? ಬೆರಳಚ್ಚು ಇರೋದು ರಸಾಯನದಲ್ಲಿ. ಶಿಲಾರಸ ಭೂಮಿಯೊಳಗೆ ತಣ್ಣಗಾಗ್ತಾ ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಮೊದಲೇ ಹರಳುಗಟ್ಟುತ್ತೆ. ಯುರೋಪಿಯಂ ಅನ್ನೋ ವಿರಳ ಧಾತುವನ್ನು ಅದು ತನ್ನೊಳಗೆ ಎಳೆದುಕೊಂಡುಬಿಡುತ್ತೆ. ಉಳಿದ ರಸದಲ್ಲಿ ಯುರೋಪಿಯಂ ಕೊರತೆ. ಆ ರಸ ಸಿಡಿದು ಬೂದಿಯಾದಾಗ ಕೊರತೆಯೂ ಜೊತೆಗೇ ಬರುತ್ತೆ. ಬೂದಿ ಜೇಡಿಯಾದರೂ ಆ ಕೊರತೆ ಅಳಿಸಿಹೋಗಲ್ಲ. 1990ರ ದಶಕದಲ್ಲಿ ಡೇವಿಡ್ ರೇ ಮತ್ತು ಜೊತೆಗಾರರು ಇದನ್ನು ಅಳೆದು, ಸೌದರ್‌ಹ್ಯಾಮ್ ಸೇರಿದಂತೆ ಇಂಗ್ಲೆಂಡಿನ ಕೆಲವು ಮಾರ್ಲ್ ಗೆರೆಗಳು ಬೂದಿಯಿಂದ ಆದವು ಅಂತ ಗುರುತಿಸಿದರು. ಉತ್ತರ ಜರ್ಮನಿಯ ಬೂದಿಪದರಗಳ ಜೊತೆ ಅವುಗಳ ಜೋಡಿಯೂ ಸಿಕ್ಕಿತು. ಎರಡು ದೇಶದ ಬಂಡೆಗಳಲ್ಲಿ ಒಂದೇ ದಿನದ ಗುರುತು!

ಈ ಬೂದಿ ಲೆಕ್ಕ ನಮ್ಮ ನೆರೆಯಲ್ಲೂ ನಡೆದಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಭಾರತದ ಮೇಲೂ ಬಿತ್ತು. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಆ ಪದರ ಇವತ್ತಿಗೂ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಮೈಕಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಅಗೆದು ನೋಡಿ, ಬೂದಿಯ ಕೆಳಗೂ ಮೇಲೂ ಆದಿಮಾನವರ ಕಲ್ಲಿನ ಆಯುಧಗಳಿವೆ ಅಂತ 2007ರಲ್ಲಿ ಪ್ರಕಟಿಸಿತು. ಆ ಪದರ ಇಲ್ಲದಿದ್ದರೆ ‘ಸಿಡಿಯೋಕೆ ಮುಂಚೆ’, ‘ಸಿಡಿದ ಮೇಲೆ’ ಅನ್ನೋ ಮಾತನ್ನೇ ಆಡೋಕೆ ಆಗ್ತಿರಲಿಲ್ಲ. ಕಲ್ಲು ಬೇರೆ, ಕಾಲ ಬೇರೆ. ತರ್ಕ ಮಾತ್ರ ಒಂದೇ.

ಸಮುದ್ರ ಉಸಿರುಗಟ್ಟಿದ ಪದರ

ಮಾರ್ಲ್‌ಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿ ಪ್ಲೀನಸ್ ಮಾರ್ಲ್. ಅದರಲ್ಲಿ ಸಿಗುವ, ಕಣವೆ ಮೀನಿನ ದೂರದ ನೆಂಟನಾದ ಒಂದು ಜೀವಿಯ ಗುಂಡಿನಾಕಾರದ ಪಳೆಯುಳಿಕೆಯಿಂದ ಈ ಹೆಸರು ಬಂತು. ಇದು ಒಂದೇ ಗೆರೆ ಅಲ್ಲ, ಗೆರೆಗಳ ಕಟ್ಟು. ಬೀಚಿ ಹೆಡ್ ಬಳಿ ಹಲವು ಮೀಟರ್ ದಪ್ಪ ಇದೆ, ಬೇರೆ ಕಡೆ ತೆಳ್ಳಗಾಗುತ್ತೆ. ಇದರ ಕಾಲ ಸುಮಾರು 9.4 ಕೋಟಿ ವರ್ಷಗಳ ಹಿಂದೆ.

ಆ ಹೊತ್ತಿಗೆ ಭೂಮಿ ವಿಪರೀತ ಬಿಸಿ. ಜಗತ್ತಿನ ಸಮುದ್ರಗಳ ಆಳದಲ್ಲಿ ದೊಡ್ಡ ಪ್ರಮಾಣದಲ್ಲಿ ಆಮ್ಲಜನಕ ಕಡಿಮೆಯಾಗಿ ಅನೇಕ ಜೀವಿಗಳು ಅಳಿದವು. ಇಟಲಿಯ ಗುಬ್ಬಿಯೊ ಬಳಿ ಇದೇ ಘಟನೆ ಬೊನರೆಲಿ ಅನ್ನೋ ಹೆಸರಿನ ಕಪ್ಪು ಪದರವಾಗಿ ಕೂತಿದೆ. ಎರಡರಲ್ಲೂ ಇಂಗಾಲದ ಐಸೊಟೋಪುಗಳ ಅನುಪಾತ ಒಂದೇ ರೀತಿ ಜಿಗಿಯುತ್ತೆ. ಉತ್ತರ ಸಮುದ್ರದಲ್ಲಿ ತೈಲಕ್ಕಾಗಿ ಕೊರೆದ ಬಾವಿಗಳಲ್ಲೂ ಪ್ಲೀನಸ್ ಮಾರ್ಲ್ ಬಂದ ಕೂಡಲೇ ಗ್ರಾಫ್ ಮೇಲೇಳುತ್ತೆ. ಕೊರೆಯೋರಿಗೆ ‘ಓ, ಇಲ್ಲಿದ್ದೀವಿ’ ಅಂತ ಗೊತ್ತಾಗುತ್ತೆ.

1960ರ ದಶಕದ ಆರಂಭದಲ್ಲಿ ಜೆಫ್ರೀಸ್ ಅನ್ನೋ ವಿಜ್ಞಾನಿ ಈ ಕಟ್ಟನ್ನು ಎಂಟು ಪದರಗಳಾಗಿ ಬಿಡಿಸಿ 1ರಿಂದ 8ರವರೆಗೆ ನಂಬರ್ ಕೊಟ್ಟರು. ಎಲ್ಲ ಕಡೆ ಎಂಟೂ ಇರಲ್ಲ. ಕೆಲವು ಕಡೆ ಕೆಳಗಿನವು ಕೊಚ್ಚಿಹೋಗಿವೆ. ಆದರೆ ನಂಬರ್ ಇರೋದರಿಂದ ಯಾವುದು ಕಾಣೆಯಾಗಿದೆ ಅನ್ನೋದು ತಿಳಿಯುತ್ತೆ. ಹಾಜರಿ ಪುಸ್ತಕ ಇದ್ದರೆ ತಾನೇ ಗೈರುಹಾಜರಿ ಯಾರು ಅಂತ ಗೊತ್ತಾಗೋದು?

ಸಮುದ್ರದಡಿಯ ರೈಲು ಮತ್ತು ಬೂದು ಕಲ್ಲು

ಲಂಡನ್‌ನಿಂದ ಪ್ಯಾರಿಸ್‌ಗೆ ಯೂರೋಸ್ಟಾರ್ ಹತ್ತಿದವರು ಸುಮಾರು 20 ನಿಮಿಷ ಸಮುದ್ರದ ಕೆಳಗೆ ಇರ್ತೀರಿ. ಆ ಚಾನೆಲ್ ಸುರಂಗದ ಉದ್ದ 50 ಕಿ.ಮೀ. ಚಿಲ್ಲರೆ. ಅದರಲ್ಲಿ ಸುಮಾರು 38 ಕಿ.ಮೀ. ನೀರಿನಡಿ. ಹೆಚ್ಚಿನ ಭಾಗ ಕೊರೆದಿರೋದು ‘ಚಾಕ್ ಮಾರ್ಲ್’ ಅನ್ನೋ ಪದರದಲ್ಲಿ.

ಗೊಂದಲ ಬೇಡ. ಇಷ್ಟು ಹೊತ್ತು ಹೇಳಿದ್ದು ಬೆರಳು, ಗೇಣು ಲೆಕ್ಕದ ಗೆರೆಗಳು. ಚಾಕ್ ಮಾರ್ಲ್ ಅಂದರೆ ಚಾಕ್ ರಾಶಿಯ ಬುಡದಲ್ಲಿರುವ, ಆಗಲೇ ಹೇಳಿದ ಬಿಳಿ-ಬೂದು ಪಟ್ಟೆಗಳ ದಪ್ಪ ಭಾಗ, ಸುಮಾರು 25-30 ಮೀಟರ್. ಎಂಜಿನಿಯರ್‌ಗಳು ಅದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಮೇಲಿನ ಬಿಳಿ ಚಾಕಿನಲ್ಲಿ ಬಿರುಕು ಹೆಚ್ಚು, ನೀರು ನುಗ್ಗುತ್ತೆ. ಕೆಳಗಿನ ಗಾಲ್ಟ್ ಕ್ಲೇ ಅನ್ನೋ ಜೇಡಿ ಒತ್ತಡಕ್ಕೆ ಹಿಗ್ಗಿ ಸುರಂಗವನ್ನು ಹಿಂಡುತ್ತೆ. ನಡುವಿನ ಚಾಕ್ ಮಾರ್ಲ್‌ನಲ್ಲಿ ಜೇಡಿ ಇರೋದರಿಂದ ನೀರು ಸುಲಭವಾಗಿ ಹಾಯಲ್ಲ, ಸುಣ್ಣ ಇರೋದರಿಂದ ಕುಸಿಯೋದೂ ಕಡಿಮೆ. ಕೊರೆಯೋಕೂ ಸಲೀಸು.

ಆದರೆ ಪದರಗಳು ಮಟ್ಟವಾಗಿ ಮಲಗಿಲ್ಲ. ಬಾಗಿವೆ, ಅಲ್ಲಲ್ಲಿ ಸೀಳಿ ಜಾರಿವೆ. ರೈಲಿನ ಸುರಂಗದ ವ್ಯಾಸವೇ 7.6 ಮೀಟರ್. ಕಡಲಿನಡಿ ಅಷ್ಟು ದಪ್ಪದ ಕೊಳವೆಯನ್ನು ಈ 25-30 ಮೀಟರ್ ಪದರದ ಒಳಗೇ ಇಟ್ಟುಕೊಂಡು ಇಂಗ್ಲೆಂಡಿನಿಂದ ಫ್ರಾನ್ಸಿಗೆ ಹೋಗಬೇಕು.

ಅದಕ್ಕೇ ಇಲ್ಲಿ ವಿಳಾಸ ಅಷ್ಟು ಮುಖ್ಯ. 1855ರಲ್ಲಿ ಥೋಮೆ ದ ಗಾಮೊಂ ಅನ್ನೋ ಫ್ರೆಂಚ್ ಎಂಜಿನಿಯರ್ ಕಲ್ಲಿನ ಚೀಲ ಕಟ್ಟಿಕೊಂಡು ಸಮುದ್ರದ ತಳಕ್ಕೆ ಮುಳುಗಿ ಮಣ್ಣಿನ ಮಾದರಿ ತಂದಿದ್ದರು. ಮೇಲೆ ಬರೋಕೆ ಗಾಳಿ ತುಂಬಿದ ಹಂದಿ ಮೂತ್ರಕೋಶಗಳು! 1875-76ರಲ್ಲಿ ಫ್ರೆಂಚ್ ಭೂವಿಜ್ಞಾನಿಗಳು ಕಡಲತಳದಿಂದ ಸಾವಿರಾರು ಮಾದರಿ ಎತ್ತಿ ನಕ್ಷೆ ಬರೆದರು. ಆಮೇಲೆ ಬೋರ್‌ಗಳು ಬಂದವು. ಫೋರಾಮಿನಿಫೆರಾ ಅನ್ನೋ ಸೂಕ್ಷ್ಮಜೀವಿಗಳ ಚಿಪ್ಪನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಯಾವ ತುಂಡು ಯಾವ ಮಟ್ಟದ್ದು ಅಂತ ಗುರುತಿಸಿದರು. ಚಾಕ್ ಮಾರ್ಲ್‌ನ ಬುಡದಲ್ಲಿ ಹಸಿರು ಕಣಗಳಿಂದ ತುಂಬಿದ ಗ್ಲಾಕೊನೈಟ್ ಮಾರ್ಲ್ ಇದೆ. ಅದು ಸಿಕ್ಕಿತು ಅಂದರೆ ಗಾಲ್ಟ್ ಹತ್ತಿರ ಬಂತು, ಮೇಲೇಳಿ ಅಂತ ಅರ್ಥ.

1987ರ ಕೊನೆಗೆ ಬ್ರಿಟಿಷ್ ಕಡೆಯಿಂದ ಯಂತ್ರ ಹೊರಟಿತು. ಇಷ್ಟೆಲ್ಲ ತಯಾರಿ ಇದ್ದರೂ ಸಮುದ್ರದಡಿಯ ಮೊದಲ ಕಿಲೋಮೀಟರುಗಳಲ್ಲೇ ಬಿರುಕು ಬಿಟ್ಟ, ನೀರು ಸೋರುವ ಕಲ್ಲು ಎದುರಾಗಿ ಕೆಲಸ ನಿಧಾನವಾಯ್ತು. ಮಧ್ಯದ ಚಿಕ್ಕ ಸುರಂಗವನ್ನು ಮುಂದೆ ಬಿಟ್ಟುಕೊಂಡು, ಅದರಿಂದ ಸುತ್ತಲೂ ತೂತು ಕೊರೆದು ಪರೀಕ್ಷೆ ಮಾಡ್ತಾ ಮಾಡ್ತಾ ಹೋದರು. 1990ರ ಡಿಸೆಂಬರ್ 1ರಂದು ಎರಡೂ ಕಡೆಯವರು ಕೈಕುಲುಕಿದರು. 1994ರ ಮೇ 6ರಂದು ಸುರಂಗ ಉದ್ಘಾಟನೆಯಾಯ್ತು.

ಒಂದೇ ಗೆರೆಯನ್ನು ನಂಬಬೇಡಿ

ಈ ವಿದ್ಯೆಯ ನಿಜವಾದ ಕೀಲಿ ಇರೋದು ಇಲ್ಲಿ. ಒಂದು ಮಾರ್ಲ್ ಗೆರೆ ಇನ್ನೊಂದರ ಹಾಗೇ ಇರುತ್ತೆ. ಒಂದೇ ಗೆರೆ ನೋಡಿ ‘ಇದು ಸೌದರ್‌ಹ್ಯಾಮ್’ ಅಂತ ಹಣೆಪಟ್ಟಿ ಕಟ್ಟಿದರೆ ಮೋಸ ಹೋಗೋದು ಸುಲಭ. ಅನುಭವಸ್ಥರು ನೋಡೋದು ಸಾಲನ್ನ. ಈ ಗೆರೆಯ ಮೇಲೆ ಎಷ್ಟು ದೂರಕ್ಕೆ ಮುಂದಿನದು, ನಡುವೆ ಚಕಮಕಿ ಕಲ್ಲಿನ ಪಟ್ಟಿ ಇದೆಯಾ, ಚಿಪ್ಪುಗಳು ಯಾವುವು, ಗ್ರಾಫಿನ ಏರಿಳಿತ ಹೊಂದುತ್ತಾ. ನಾಲ್ಕೂ ತಾಳೆಯಾದರೆ ಮಾತ್ರ ಹೆಸರು ಹೇಳೋದು.

ತಾಳೆ ಆಗದಿದ್ದರೂ ಲಾಭವೇ. ಎರಡು ಬೋರ್‌ಗಳ ನಡುವೆ ಅದೇ ಗೆರೆ ದಿಢೀರ್ ಅಂತ ಐದು ಮೀಟರ್ ಕೆಳಗೆ ಸಿಕ್ಕಿತು ಅನ್ನಿ. ನಡುವೆ ನೆಲ ಸೀಳಿ ಜಾರಿರಬಹುದು ಅನ್ನೋ ಎಚ್ಚರಿಕೆ ಅದು. ಸೀಳು ಅಂದರೆ ನೀರಿನ ದಾರಿ. ಬರೀ ಬಿಳಿ ಕಲ್ಲಾಗಿದ್ದಿದ್ದರೆ ಆ ಐದು ಮೀಟರ್ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಯಂತ್ರ ಹೋಗಿ ನೀರಿಗೆ ಗುದ್ದಿದ ಮೇಲೇ ಗೊತ್ತಾಗ್ತಿತ್ತು.

ಸುರಂಗ ಎಲ್ಲರ ಮನೆ ಮುಂದೆ ಬರಲ್ಲ, ಆದರೆ ನೀರು ಬರುತ್ತೆ. ಇಂಗ್ಲೆಂಡಿನ ಅಂತರ್ಜಲದ ದೊಡ್ಡ ಭಂಡಾರ ಚಾಕ್ ಬಂಡೆಯೇ. ಆಗ್ನೇಯ ಭಾಗದ ಲಕ್ಷಾಂತರ ಮನೆಗಳ ನಲ್ಲಿಗೆ ಅದರಿಂದಲೇ ನೀರು. ಮೇಲಿಂದ ಇಂಗುವ ಮಳೆನೀರು ಮಾರ್ಲ್ ಗೆರೆ ಸಿಕ್ಕಾಗ ನೆಟ್ಟಗೆ ಇಳಿಯಲಾರದೆ ಅದರ ಬೆನ್ನಿನ ಮೇಲೆ ಅಡ್ಡಕ್ಕೆ ಹರಿಯುತ್ತೆ. ಹರೀತಾ ಹರೀತಾ ಚಾಕನ್ನು ಕರಗಿಸಿ ಕಾಲುವೆ ಮಾಡಿಕೊಳ್ಳುತ್ತೆ, ಬೆಟ್ಟದ ಬದಿಯಲ್ಲಿ ಊಟೆಯಾಗಿ ಹೊರಬರುತ್ತೆ. ಹಾಗಾಗಿ ಗದ್ದೆಯ ಗೊಬ್ಬರವೋ ರಸ್ತೆಯ ಎಣ್ಣೆಯೋ ಒಂದು ಕಡೆ ಇಂಗಿದರೆ ಯಾವ ಬಾವಿಗೆ ಬಂದೀತು ಅಂತ ಲೆಕ್ಕ ಹಾಕೋರಿಗೂ ಈ ಗೆರೆಗಳ ನಕ್ಷೆ ಬೇಕು.

ಮುಂದಿನ ಸಲ ಫೋನಿನಲ್ಲಿ ಆ ಬಿಳಿ ಬಂಡೆಗಳ ಫೋಟೋ ಬಂದರೆ ಎರಡು ಬೆರಳಿಟ್ಟು ದೊಡ್ಡದು ಮಾಡಿ ನೋಡಿ. ಕಪ್ಪಗೆ, ಗಂಟುಗಂಟಾಗಿ, ಗೋಡೆಯಿಂದ ಹೊರಚಾಚಿ ಸಾಲಾಗಿ ಕೂತಿದ್ದರೆ ಅದು ಚಕಮಕಿ ಕಲ್ಲು. ಒಳಗೆ ತಗ್ಗಿ, ಮಾಸಲಾಗಿ, ಪೆನ್ಸಿಲ್‌ನಿಂದ ಎಳೆದ ಹಾಗೆ ನೆಟ್ಟಗೆ ಓಡಿದ್ದರೆ ಅದು ಮಾರ್ಲ್. ಒಂದು ಸಿಕ್ಕ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಅದರ ಮೇಲಿನದು ಎಲ್ಲಿ, ಕೆಳಗಿನದು ಎಲ್ಲಿ ಅಂತಲೂ ಹುಡುಕಿ.